ಗೊಣ್ಣೆಹುಳು ಎಣಿಸುತ್ತಿದ್ದ ಐಲ್ಸಾ

ಐಲ್ಸಾ ಟಲಕ್ ತನ್ನ ಜೀವಮಾನದಲ್ಲಿ ಎಷ್ಟು ಗೊಣ್ಣೆಹುಳು ಎಣಿಸಿರಬಹುದೆಂದು ಅವಳ ಕಚೇರಿಯ ಗುಮಾಸ್ತನೊಬ್ಬ ಒಮ್ಮೆ ಲೆಕ್ಕ ಹಾಕಲು ಕೂತು, ಆರು ಲಕ್ಷ ದಾಟಿದ ಮೇಲೆ ಪೆನ್ನು ಕೆಳಗಿಟ್ಟನಂತೆ. ಹುಳುಗಳಿಗೆ ಈ ಲೆಕ್ಕದ ಗೊಡವೆ ಇರಲಿಲ್ಲ. ಅವು ತಮ್ಮ ಪಾಡಿಗೆ ತಾವು ಮಣ್ಣಿನೊಳಗೆ ಅರ್ಧಚಂದ್ರದಂತೆ ಮುದುಡಿಕೊಂಡು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಸೌತ್‌ಲ್ಯಾಂಡ್ ಸೀಮೆಯ ಹುಲ್ಲಿನ ಬೇರು ತಿನ್ನುತ್ತಿದ್ದವು. ಮೇಲೆ ಕುರಿ ಮೇಯುತ್ತಿತ್ತು, ಕೆಳಗೆ ಹುಳು ಮೇಯುತ್ತಿತ್ತು. ನಡುವೆ ಸಿಕ್ಕಿಬಿದ್ದ ಹುಲ್ಲು, ಅಲ್ಲಿ ಚಳಿಗಾಲ ಶುರುವಾಗುವ ಏಪ್ರಿಲ್ ಮೇ ಹೊತ್ತಿಗೆ ಹಳದಿ ತಿರುಗಿ, ಕೈಯಲ್ಲಿ ಹಿಡಿದೆಳೆದರೆ ಕಂಬಳಿಯ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಇದಕ್ಕೆ ಪರಿಹಾರ ಕಂಡುಹಿಡಿಯಲೆಂದು ಒಂದು ಸಂಶೋಧನಾ ಕೇಂದ್ರ ಕಟ್ಟಿದ್ದರು. ಕೇಂದ್ರದಲ್ಲಿ ಕಂಡುಹಿಡಿಯುವವರು ಬಹಳ ಮಂದಿ ಇದ್ದರು. ಅಗೆಯುವವಳು ಐಲ್ಸಾ ಒಬ್ಬಳೇ.

ಅವಳು ಹುಟ್ಟಿದ್ದು ಟುವಾಟಾಪೆರೆ ಎಂಬ ಊರಿನಲ್ಲಿ, ಮರ ಕೊಯ್ಯುವ ಮಿಲ್ಲಿನ ಸಾಲುಮನೆಯೊಂದರಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಕೇಂದ್ರಕ್ಕೆ ಬೆರಳಚ್ಚುಗಾರ್ತಿಯಾಗಿ ಸೇರಿದಳು. ಸೇರಿದ ಮೂರನೆಯ ವಾರವೇ ಮಣ್ಣು ಅಗೆಯುವ ಆಳಿಗೆ ಸೊಂಟ ಹಿಡಿದುಕೊಂಡಿತು. ಆಗಿನ ಮುಖ್ಯಸ್ಥ ಡಾಕ್ಟರ್ ಸ್ಟ್ರಾಖನ್ ಎಂಬ ಪೈಪು ಸೇದುವ ಮುದುಕ. ಆತ ಬಾಗಿಲಲ್ಲಿ ನಿಂತು ಕೇಳಿದ:

"ಏನಮ್ಮಾ, ಸನಿಕೆ ಹಿಡಿಯೋಕೆ ಬರುತ್ತಾ ನಿಂಗೆ?"

"ಬರುತ್ತೆ ಸಾರ್. ಮನೇಲಿ ಆಲೂಗೆಡ್ಡೆ ಮಡಿ ಪೂರ್ತಿ ನಾನೇ ಅಗೀತಿದ್ದಿದ್ದು."

"ಹಾಗಾದ್ರೆ ಆ ಟೈಪ್‌ರೈಟರ್ ಮುಚ್ಚಿಡು. ಅದನ್ನ ಕುಟ್ಟೋಕೆ ಯಾರಾದ್ರೂ ಸಿಗ್ತಾರೆ."

ಹೀಗೆ ಎರಡು ವಾರದ ಮಟ್ಟಿಗೆ ಹಿಡಿದ ಸನಿಕೆ ಮೂವತ್ತೆಂಟು ವರ್ಷ ಅವಳ ಕೈಯಲ್ಲೇ ಉಳಿಯಿತು. ಕೆಲಸ ಕಷ್ಟದ್ದಲ್ಲ, ಬೇಸರದ್ದು. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಮಣ್ಣಿನ ಹೆಂಟೆಯನ್ನು ಹುಲ್ಲಿನ ಸಮೇತ ಎತ್ತಬೇಕು. ತಟ್ಟೆಯ ಮೇಲೆ ಇಟ್ಟು ಬೆರಳಿನಿಂದ ಪುಡಿ ಮಾಡಬೇಕು. ಬೇರಿನ ಸಂದಿಯಲ್ಲಿ ಕಾಣಿಸುವ ಬಿಳಿ ಹುಳುಗಳನ್ನು ಚಿಕ್ಕದು, ನಡುವಿನದು, ದೊಡ್ಡದು ಎಂದು ಬೇರೆ ಮಾಡಿ ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಹತ್ತು ಹೆಜ್ಜೆ ನಡೆದು ಮತ್ತೆ ಅದನ್ನೇ ಮಾಡಬೇಕು. ದಕ್ಷಿಣ ಧ್ರುವದ ಕಡೆಯಿಂದ ನೇರವಾಗಿ ಬೀಸುವ ಗಾಳಿ ಬೆನ್ನಿಗೆ ಚುಚ್ಚುತ್ತಿರುತ್ತದೆ, ಸೀಗಲ್ ಎಂಬ ಕಡಲ ಹಕ್ಕಿಗಳು ಹುಳದ ಆಸೆಗೆ ತಟ್ಟೆಯ ಮೇಲೆಯೇ ಕಣ್ಣಿಟ್ಟು ಸುತ್ತ ಕೂತಿರುತ್ತವೆ. ಸ್ಟ್ರಾಖನ್ ಅವಳಿಗೆ ಕೊಟ್ಟ ತರಬೇತಿ ಒಂದೇ ಮಾತಿನದು: "ಕಂಡಷ್ಟು ಬರಿ. ಕಾಣದೇ ಇರೋದನ್ನ ಬರೆಯೋಕೆ ನಮ್ಮಂಥ ವಿದ್ವಾಂಸರು ಇದೀವಿ."

ಐಲ್ಸಾಗೆ ಮದುವೆಯೂ ಆಗಿತ್ತು. ಗಂಡ ಗ್ರೇಮ್ ಮಿಲ್ಲಿನಲ್ಲಿ ಮೆಕ್ಯಾನಿಕ್. ಒಳ್ಳೆಯವನೇ. ಆದರೆ ಸುಗ್ಗಿಯ ಕಾಲದಲ್ಲಿ, ಅಂದರೆ ಹುಳದ ಸುಗ್ಗಿಯ ಕಾಲದಲ್ಲಿ, ಕೇಂದ್ರದ ಫ್ರಿಜ್ಜಿನಲ್ಲಿ ಜಾಗ ಸಾಲದೆ ಅವಳು ಹುಳುಗಳನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ತುಂಬಿ ಮನೆಗೆ ತರುತ್ತಿದ್ದಳು. ಆರು ವರ್ಷ ಸಹಿಸಿದ ಗ್ರೇಮ್, ಒಂದು ಭಾನುವಾರ ನಿಜವಾದ ಐಸ್‌ಕ್ರೀಮ್ ಎಂದು ತಿಳಿದು ಮುಚ್ಚಳ ತೆಗೆದ. "ಈ ಮನೇಲಿ ನಾನಿರಬೇಕು ಇಲ್ಲಾ ಅವಿರಬೇಕು" ಅಂದ. ಐಲ್ಸಾ ಉತ್ತರ ಕೊಡಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. ಗ್ರೇಮ್ ಈಗ ಆಸ್ಟ್ರೇಲಿಯಾದಲ್ಲಿದ್ದಾನೆ, ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡು ಹಾಕುತ್ತಾನೆ.

ಸ್ಟ್ರಾಖನ್ ನಿವೃತ್ತನಾದ ಮೇಲೆ ಬಂದ ಮುಖ್ಯಸ್ಥನಿಗೆ ಹಲ್ಲು ಬೆಳ್ಳಗಿತ್ತು, ತಾಳ್ಮೆ ಕಡಿಮೆ ಇತ್ತು. ಅವನು ಒಮ್ಮೆ ಐಲ್ಸಾಳ ಪುಸ್ತಕ ತಿರುವಿಹಾಕಿ, "ಈ ಏಳು ನೋಡಿ, ಒಂದರ ಥರಾನೇ ಕಾಣುತ್ತಲ್ವಾ?" ಎಂದು ಮೆಲ್ಲಗೆ ಕೇಳಿದ. "ಇಲ್ಲ ಸಾರ್, ಏಳರ ಥರಾನೇ ಕಾಣುತ್ತೆ. ಏಳು ಇದ್ವು" ಅಂದಳು. ಆ ಏಳು ಏಳಾಗಿಯೇ ಉಳಿಯಿತು, ಐಲ್ಸಾ ಎರಡನೆಯ ದರ್ಜೆಯ ಸಹಾಯಕಿಯಾಗಿಯೇ ಉಳಿದಳು. ಹನ್ನೊಂದು ವರ್ಷ.

ಅಷ್ಟರಲ್ಲಿ ಕೇಂದ್ರಕ್ಕೆ ಐದು ಸಲ ಹೆಸರು ಬದಲಾಯಿತು. ಪ್ರತಿ ಸಲವೂ ಬಾಗಿಲ ಫಲಕ ಬದಲಾಯಿತು, ಲಾಂಛನ ಬದಲಾಯಿತು, ಎಲ್ಲರಿಗೂ ಹೊಸ ಲಾಂಛನದ ಕಾಫಿ ಲೋಟ ಸಿಕ್ಕಿತು. ಐದನೆಯ ಸಲ ದೂರದ ಊರಿಂದ ಬಂದ ಸಲಹೆಗಾರರು ಮೂರು ತಿಂಗಳು ಚರ್ಚೆ ನಡೆಸಿ, ಮಣ್ಣಿನ ಹುಳದ ಸಂಸ್ಥೆಗೆ "ಮಣ್ಣಿನಾಚೆಗೆ" ಎಂಬ ಘೋಷವಾಕ್ಯ ಕೊಟ್ಟು ಹೋದರು. ಹುಳುಗಳಿಗೆ ಈ ಸುದ್ದಿ ತಲುಪಲಿಲ್ಲ, ಅವು ಮಣ್ಣಿನೊಳಗೇ ಉಳಿದವು. ಅದೇ ವರ್ಷ ಸುರಕ್ಷತಾ ವಿಭಾಗ ಎಂಬುದೊಂದು ಹುಟ್ಟಿ, ಇಪ್ಪತ್ತಾರು ವರ್ಷದಿಂದ ಅಗೆಯುತ್ತಿದ್ದ ಐಲ್ಸಾಳನ್ನು ಒಂದು ದಿನದ ಸನಿಕೆ ಬಳಕೆ ತರಬೇತಿಗೆ ಕಳಿಸಿತು. ತರಬೇತುದಾರ ಸನಿಕೆಯ ಚಿತ್ರ ತೋರಿಸಿ, ಹಿಡಿಯುವ ಭಾಗ ಯಾವುದು ಎಂದು ಕೇಳಿದ. ಐಲ್ಸಾ ತೋರಿಸಿದಳು. ಪ್ರಮಾಣಪತ್ರ ಸಿಕ್ಕಿತು. ಅಂದಿನಿಂದ ಪ್ರತಿ ಹೊಲಕ್ಕೂ ಹೋಗುವ ಮುನ್ನ ನಾಲ್ಕು ಪುಟದ ಅಪಾಯದ ಫಾರಂ ತುಂಬಬೇಕಾಯಿತು. "ಸ್ಥಳದಲ್ಲಿ ಇರಬಹುದಾದ ಅಪಾಯಗಳು" ಎಂಬಲ್ಲಿ ಅವಳು ಪ್ರತಿ ಸಲವೂ "ಚಳಿ" ಎಂದು ಬರೆಯುತ್ತಿದ್ದಳು.

ಡಾಕ್ಟರ್ ಕ್ವೆಂಟಿನ್ ಹಾಲಿಬರ್ಟನ್ ಬಂದದ್ದು ಇಂಥ ಕಾಲದಲ್ಲಿ. ಉತ್ತರದ ದೊಡ್ಡ ಊರಿನವನು, ನಲವತ್ತರ ಪ್ರಾಯ, ಎಂದೂ ಕೆಸರು ಕಾಣದ ಗಂಬೂಟು. ಮೊದಲ ದಿನವೇ ಎಲ್ಲರನ್ನೂ ಕೂರಿಸಿ, "ನನ್ನನ್ನ ಡಾಕ್ಟರ್ ಗೀಕ್ಟರ್ ಅನ್ನೋದೆಲ್ಲಾ ಬೇಡ. ಕ್ವೆಂಟಿನ್ ಅಂದ್ರೆ ಸಾಕು. ಇಲ್ಲಿ ದೊಡ್ಡೋರು ಚಿಕ್ಕೋರು ಅಂತ ಇಲ್ಲ" ಅಂದ. ಎರಡನೆಯ ದಿನ ಚಿಕ್ಕವರ ಕೋಣೆ ಖಾಲಿ ಮಾಡಿಸಿ ತನ್ನ ಕೋಣೆ ದೊಡ್ಡದು ಮಾಡಿಸಿಕೊಂಡ.

ಕ್ವೆಂಟಿನ್ ತಂದದ್ದು ಒಂದು ಬೂಸ್ಟು. ಗೊಣ್ಣೆಹುಳುವಿನ ಮೈಮೇಲೆ ಬೆಳೆದು ಅದನ್ನು ಕೊಲ್ಲುವ ಬೂಸ್ಟು, ಕಾಳಿನ ರೂಪದಲ್ಲಿ. ಹೆಸರು ಎಫ್-ಹತ್ತೊಂಬತ್ತು. ಒಂದು ಕಂಪನಿ ಅದನ್ನು ಮಾರಲು ತುದಿಗಾಲಲ್ಲಿ ನಿಂತಿತ್ತು. ಮೂರು ವರ್ಷದ ಪ್ರಯೋಗಕ್ಕೆ ಲಾಕೀ ಡನೆಟ್ ಎಂಬ ಕುರಿ ಸಾಕಣೆದಾರನ ಹುಲ್ಲುಗಾವಲು ಗೊತ್ತುಮಾಡಿದರು. ಲಾಕೀ ಅರವತ್ತರ ಹತ್ತಿರದವನು, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಎರಡು ಸಾವಿರ ಕುರಿ ಮತ್ತು ಮೂರು ನಾಯಿಗಳ ಜೊತೆ ಇದ್ದ. ಅವನ ಗಾವಲಿನಲ್ಲಿ ಇಪ್ಪತ್ನಾಲ್ಕು ತಾಕು ಗುರುತಿಸಿ ಸುತ್ತ ಬೇಲಿ ಹಾಕಿದರು. ಹನ್ನೆರಡು ತಾಕಿಗೆ ಬೂಸ್ಟಿನ ಕಾಳು. ಉಳಿದ ಹನ್ನೆರಡಕ್ಕೆ ಏನೂ ಇಲ್ಲ. ಹೋಲಿಸಿ ನೋಡಲು ಅವು ಹಾಗೇ ಇರಬೇಕು. ಅವುಗಳಲ್ಲಿ ಹುಳು ಎಷ್ಟು ತಿಂದರೂ ತಿನ್ನಲಿ, ಕುರಿ ಬಿಡಬಾರದು, ಗೊಬ್ಬರ ಹಾಕಬಾರದು, ಮುಟ್ಟಲೇಬಾರದು ಎಂಬ ಒಪ್ಪಂದಕ್ಕೆ ಲಾಕೀ ಓದದೆ ಸಹಿ ಹಾಕಿದ.

ಪ್ರಯೋಗ ಶುರುವಾಗುವ ಮುಂಚೆ ಐಲ್ಸಾ ಅಗೆದಾಗ ಎಲ್ಲ ತಾಕುಗಳಲ್ಲೂ ಸನಿಕೆಗೆ ಹನ್ನೆರಡು ಹದಿಮೂರು ಹುಳು ಇದ್ದವು. ಮೊದಲ ವರ್ಷದ ಕೊನೆಗೆ ಕಾಳು ಹಾಕಿದ ತಾಕಿನಲ್ಲಿ ಐದಕ್ಕೆ ಇಳಿದವು. ಕ್ವೆಂಟಿನ್ ಕುಣಿದಾಡಿದ. ಆದರೆ ಏನೂ ಹಾಕದ ತಾಕಿನಲ್ಲೂ ಐದಕ್ಕೇ ಇಳಿದಿದ್ದವು. ಕ್ವೆಂಟಿನ್ ಕುಣಿಯುವುದನ್ನು ನಿಲ್ಲಿಸಿದ. ಎರಡನೆಯ ವರ್ಷ ಎರಡೂ ಕಡೆ ಮೂರು. ಐಲ್ಸಾ ಅಲ್ಲಲ್ಲಿ ಕುರಿಹಿಕ್ಕೆ ಕಂಡು, ಬೇಲಿ ಎಲ್ಲೋ ಕಿತ್ತಿರಬೇಕು ಎಂದುಕೊಂಡು ಸುತ್ತಿ ನೋಡಿದಳು. ಬೇಲಿ ನೆಟ್ಟಗಿತ್ತು.

ಮೂರನೆಯ ವರ್ಷದ ಮೇ ತಿಂಗಳು. ಸೋಮವಾರ ಹಿಮದ ಮಳೆ ಬರುತ್ತದೆಂದು ರೇಡಿಯೋ ಹೇಳಿತು. ಐಲ್ಸಾ ಭಾನುವಾರವೇ ಕೆಲಸ ಮುಗಿಸೋಣವೆಂದು ಬೆಳಿಗ್ಗೆ ಹತ್ತಕ್ಕೆ ಹೊರಟಳು. ಲಾಕೀಯ ಗಾವಲಿಗೆ ಬಂದು ಗಾಡಿ ನಿಲ್ಲಿಸಿ ನೋಡಿದರೆ, ಏಳನೆಯ ತಾಕಿನೊಳಗೆ ಕುರಿಗಳು. ಒಂದೆರಡಲ್ಲ. ಕಾಲಿಡಲು ಜಾಗವಿಲ್ಲದಂತೆ ಬೆನ್ನಿಗೆ ಬೆನ್ನು ತಾಗಿಸಿಕೊಂಡು, ಒದ್ದೆ ನೆಲವನ್ನು ಗೊರಸಿನಿಂದ ಪಚಪಚ ತುಳಿಯುತ್ತ ಸುತ್ತುತ್ತಿದ್ದವು. ನಾಯಿಗಳು ಅಂಚಿನಲ್ಲಿ ಕಾವಲು. ಗೇಟಿನ ಮೇಲೆ ಮೊಣಕೈ ಊರಿಕೊಂಡು ಲಾಕೀ ನಿಂತಿದ್ದ. ಐಲ್ಸಾಳನ್ನು ಕಂಡು ಅವನ ಮುಖ ಹುಳ್ಳಗಾಯಿತು.

"ಭಾನುವಾರ ನಿಮ್ಮೋರು ಬರಲ್ಲ ಅಂದ್ಕೊಂಡಿದ್ದೆ" ಅಂದ.

"ಏನಪ್ಪಾ ಇದು ಲಾಕೀ?"

"ಕುರಿ."

"ಕುರಿ ಅಂತ ನಂಗೂ ಗೊತ್ತಾಗುತ್ತೆ. ಇಲ್ಲೇನ್ ಮಾಡ್ತಿದಾವೆ?"

ಲಾಕೀ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೋಡು ಐಲ್ಸಾ, ಆ ಹನ್ನೆರಡು ತಾಕಿಗೆ ಔಷಧಿ ಹಾಕಿದ್ರಿ. ಈ ಹನ್ನೆರಡಕ್ಕೆ ಬರೀ ನಂಬರ್ ಹಾಕಿದ್ರಿ. ಇವೇನ್ ಪಾಪ ಮಾಡಿದ್ವು? ನಮ್ಮಜ್ಜ ಬಿತ್ತಿದ ಹುಲ್ಲಮ್ಮ ಇದು. ಕಣ್ಮುಂದೆ ಹಳದಿಯಾಗಿ ಸಾಯ್ತಿದ್ರೆ, ಕೈ ಕಟ್ಕೊಂಡು ನೋಡ್ತಾ ಕೂತ್ಕೋ ಅಂತ ಬರ್ಕೊಟ್ಟಿದಾರೆ ನಿಮ್ಮೋರು. ನಂಗೆ ನಿದ್ದೆ ಬರಲಿಲ್ಲ ಕಣಮ್ಮ."

"ಅದಕ್ಕೆ?"

"ನಮ್ಮಪ್ಪ ಏಪ್ರಿಲ್ ಮೇನಲ್ಲಿ ಹೀಗೇ ಮಾಡ್ತಿದ್ದ. ನೆಲ ಒದ್ದೆ ಇದ್ದಾಗ, ಹುಳ ಮೇಲ್ಗಡೆ ಇದ್ದಾಗ, ಕುರಿ ಒತ್ತಾಗಿ ಕೂಡಿಹಾಕಿ ತುಳಿಸ್ತಿದ್ದ. ಒಂದು ದಿನ ಅಷ್ಟೆ. ಹುಳ ಅಲ್ಲೇ ಅಪ್ಪಚ್ಚಿ."

"ಮೂರು ವರ್ಷದಿಂದ?"

"ವರ್ಷಕ್ಕೆರಡು ಭಾನುವಾರ, ಒಂದಾದ್ಮೇಲೊಂದು ತಾಕಿಗೆ ಹೊಡ್ಕೊಂಡು" ಎಂದು ಲಾಕೀ ತಪ್ಪೊಪ್ಪಿಕೊಂಡ. "ರಗ್ಬಿ ಇರೋ ದಿನ. ರಸ್ತೇಲಿ ಯಾರೂ ಓಡಾಡಲ್ಲ."

ಐಲ್ಸಾಗೆ ನಗು ಬಂತು, ನಗಬಾರದೆಂಬುದೂ ಗೊತ್ತಿತ್ತು. ಮೂರು ವರ್ಷದ ಪ್ರಯೋಗ, ಏಳು ಮಂದಿ ವಿಜ್ಞಾನಿಗಳು, ಅವಳು ಅಗೆದ ಏಳುನೂರಿಪ್ಪತ್ತು ಗುಂಡಿ, ಎಲ್ಲವೂ ಈ ಕುರಿಗಳ ಕಾಲಡಿಯಲ್ಲಿ ಪಚಪಚ ಅನ್ನುತ್ತಿತ್ತು.

"ಬರೀಬೇಡ ಐಲ್ಸಾ" ಅಂದ ಲಾಕೀ. "ಊರಲ್ಲೆಲ್ಲಾ ಮಾನ ಹೋಗುತ್ತೆ."

"ಕಂಡದ್ದನ್ನ ಬರೆಯೋದು ಬಿಟ್ರೆ ನಂಗೆ ಬೇರೆ ಕೆಲಸ ಬರಲ್ಲ ಮಾರಾಯ. ಓದೋದು ಬಿಡೋದು ಅವರಿಗೆ ಬಿಟ್ಟಿದ್ದು."

ಪುಸ್ತಕದ ಪ್ರತಿ ಪುಟದ ಬಲಗಡೆ ಷರಾ ಎಂಬ ಅಂಕಣವಿತ್ತು. ಐಲ್ಸಾ ಅಲ್ಲಿ ಬರೆದಳು: "ತಾಕು ಏಳು. ಕುರಿ, ಸುಮಾರು ಇನ್ನೂರು, ಮಾಲೀಕನ ಸಮೇತ." ಲಾಕೀ ಅಂದು ಅವಳಿಗೆ ಎಂದಿನಂತೆ ಚಹಾ ಕೊಡಲಿಲ್ಲ. ಮುಂದಿನ ನಾಲ್ಕು ತಿಂಗಳೂ ಕೊಡಲಿಲ್ಲ.

ಹೊರಡುವ ಮುನ್ನ ಅವಳಿಗೊಂದು ಯೋಚನೆ ಬಂತು. ಬೇಲಿಯಾಚೆ, ರಸ್ತೆಯ ಪಕ್ಕದ ಹುಲ್ಲಿನ ಪಟ್ಟಿ ಕೌನ್ಸಿಲ್‌ಗೆ ಸೇರಿದ್ದು. ಅಲ್ಲಿ ಬೂಸ್ಟೂ ಬಿದ್ದಿಲ್ಲ, ಕುರಿಯೂ ತುಳಿದಿಲ್ಲ. ತಾಕಿನಿಂದ ಆರು ಹೆಜ್ಜೆ ಅಷ್ಟೆ. ಹತ್ತು ಕಡೆ ಅಗೆದು ನೋಡಿದಳು. ಸನಿಕೆಗೆ ಹದಿಮೂರು.

ಪುಸ್ತಕ ಕಚೇರಿಗೆ ಹೋಯಿತು. ಐಲ್ಸಾ ಕರೆ ಬರುತ್ತದೆಂದು ಕಾದಳು. ಒಂದು ವಾರ, ಎರಡು ವಾರ, ಒಂದು ತಿಂಗಳು. ಯಾರೂ ಕರೆಯಲಿಲ್ಲ. ಕೊನೆಗೆ ತಾನೇ ವಿಚಾರಿಸಿದಾಗ ತಿಳಿಯಿತು: ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವ ತಂತ್ರಾಂಶ ಅಕ್ಷರಗಳನ್ನು ಸ್ವೀಕರಿಸುವುದಿಲ್ಲ. ಹಾಗಾಗಿ ಷರಾ ಅಂಕಣವನ್ನು ಎಂಟು ವರ್ಷದ ಹಿಂದೆಯೇ ಕೈಬಿಟ್ಟಿದ್ದರು. ಎಂಟು ವರ್ಷ ಅವಳು ಗಾಳಿಗೆ ಹೇಳಿದ್ದಳು. ಆ ಮಧ್ಯಾಹ್ನ ಐಲ್ಸಾ ಗಾಡಿಯೊಳಗೆ ಕೂತು ಸ್ಯಾಂಡ್‌ವಿಚ್ ಬಿಚ್ಚಿದವಳು ತಿನ್ನಲಾಗದೆ ಮತ್ತೆ ಸುತ್ತಿಟ್ಟಳು.

ಮರುದಿನ ಕ್ವೆಂಟಿನ್ ಕೋಣೆಗೆ ಹೋದಳು. ಅವನು ಕಿಟಕಿಯ ಬಳಿ ನಿಂತು ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದ. ಮುಖದಲ್ಲಿ ಕಳೆ ತುಂಬಿತ್ತು.

"ಬನ್ನಿ ಬನ್ನಿ ಐಲ್ಸಾ. ಸರಿಯಾದ ಹೊತ್ತಿಗೆ ಬಂದ್ರಿ. ಏನೂ ಹಾಕದ ತಾಕಲ್ಲೂ ಹುಳ ಯಾಕೆ ಕಡಿಮೆಯಾಯ್ತು ಗೊತ್ತಾ?"

"ಅದನ್ನೇ ಹೇಳೋಕೆ ಬಂದೆ. ಕುರಿ..."

"ಪ್ರಭಾವಲಯ!" ಅಂದ ಕ್ವೆಂಟಿನ್. "ಬೂಸ್ಟು ತಾನಾಗಿ ಹರಡ್ತಿದೆ. ಹಾಕಿದ ತಾಕಿಂದ ಹಾಕದ ತಾಕಿಗೆ ದಾಟ್ಕೊಂಡು ಹೋಗಿದೆ. ಇದನ್ನ ಪ್ರಪಂಚದಲ್ಲಿ ಯಾರೂ ನೋಡಿಲ್ಲ. ನಾವು ಸೋತ್ವಿ ಅಂದ್ಕೊಂಡಿದ್ವಿ, ನೋಡಿದ್ರೆ ಎರಡರಷ್ಟು ಗೆದ್ದಿದೀವಿ!"

"ಕ್ವೆಂಟಿನ್, ಆ ತಾಕುಗಳಿಗೆ ಲಾಕೀ ಕುರಿ ಬಿಟ್ಟಿದ್ದ. ನಾನೇ ಕಣ್ಣಾರೆ ಕಂಡೆ. ಬರೆದೂ ಇದೀನಿ."

ಕ್ವೆಂಟಿನ್ ಹುಬ್ಬು ಗಂಟಿಕ್ಕಿದ. "ಕುರಿ ಅನ್ನೋದು ನಮ್ಮ ಮಾದರಿಯಲ್ಲಿ ಇಲ್ವಲ್ಲಾ ಐಲ್ಸಾ."

"ಮಾದರೀಲಿ ಇಲ್ಲ. ತಾಕಲ್ಲಿತ್ತು."

"ಒಂದು ದಿನ ಒಂದೆರಡು ಕುರಿ ನುಗ್ಗಿರಬಹುದು. ಅದನ್ನ ಗದ್ದಲ ಅಂತ ಕರೀತೀವಿ ನಾವು, ಅಂಕಿ ಅಂಶದ ಭಾಷೇಲಿ."

"ಇನ್ನೂರಿದ್ವು. ಗದ್ದಲಾನೂ ಇತ್ತು" ಅಂದಳು ಐಲ್ಸಾ. "ಇನ್ನೊಂದು. ರಸ್ತೆ ಬದೀಲಿ ಅಗೆದು ನೋಡ್ದೆ. ಆರು ಹೆಜ್ಜೆ ದೂರ. ಅಲ್ಲಿ ಹದಿಮೂರು ಹುಳ ಇವೆ. ನಿಮ್ಮ ಪ್ರಭಾವಲಯ ಬೇಲಿ ತನಕ ಬಂದು, ಗೇಟ್ ಹಾಕಿದೆ ಅಂತ ನಿಂತುಬಿಡ್ತಾ?"

ಕ್ವೆಂಟಿನ್ ನಕ್ಷೆಯ ಕಡೆಗೊಮ್ಮೆ ತಿರುಗಿ ನೋಡಿದ. ಒಂದು ಕ್ಷಣ, ಒಂದೇ ಕ್ಷಣ, ಅವನ ಕಣ್ಣಲ್ಲಿ ಏನೋ ಅಳುಕು ಸುಳಿದು ಹೋದದ್ದನ್ನು ಐಲ್ಸಾ ಕಂಡಳು. ಆಮೇಲೆ ಅವನು ಕೇಳಿದ: "ರಸ್ತೆ ಬದಿ ಅಗೆಯೋಕೆ ಅಪಾಯದ ಫಾರಂ ತುಂಬಿದ್ರಾ?"

"ಇಲ್ಲ."

"ಹಾಗಾದ್ರೆ ಆ ಅಂಕಿನ ನಾನು ನೋಡೋ ಹಾಗಿಲ್ಲ" ಅಂದ ಕ್ವೆಂಟಿನ್, ನಿಜವಾಗಿ ನೊಂದವನಂತೆ.

ಸೆಪ್ಟೆಂಬರಿನಲ್ಲಿ ಲಾಕೀಯ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಕ್ಷೇತ್ರೋತ್ಸವ ಏರ್ಪಾಡಾಯಿತು. ಸುತ್ತಲಿನ ಎಂಬತ್ತು ಮಂದಿ ರೈತರು ಬಂದರು. ಗೋಡೆಗೆ ಬಿಳಿ ಪರದೆ. ಮೂಲೆಯ ಮೇಜಿನ ಮೇಲೆ, ಆ ಸೀಮೆಯಲ್ಲಿ ಅದಿಲ್ಲದೆ ಮದುವೆಯೂ ನಡೆಯದು ತಿಥಿಯೂ ನಡೆಯದು ಎನ್ನುವ ಚೀಸ್ ರೋಲು, ಬ್ರೆಡ್ಡಿನೊಳಗೆ ಚೀಸ್ ಸುತ್ತಿ ಬೆಣ್ಣೆ ಹಚ್ಚಿ ಕಾಯಿಸಿದ್ದು, ನಾಲ್ಕು ತಟ್ಟೆ. ಬಾಗಿಲ ಬಳಿ ಕಂಪನಿಯ ಪ್ರತಿನಿಧಿ ಎಫ್-ಹತ್ತೊಂಬತ್ತರ ಸಣ್ಣ ಚೀಲಗಳನ್ನು ಜೋಡಿಸಿಕೊಂಡು ನಗುತ್ತ ನಿಂತಿದ್ದ. ಐಲ್ಸಾ ಹಿಂದಿನ ಸಾಲಿನಲ್ಲಿ ಉಣ್ಣೆಯ ಮೂಟೆಯ ಮೇಲೆ ಕೂತಳು. ಲಾಕೀ ಅವಳಿಂದ ಸಾಧ್ಯವಾದಷ್ಟು ದೂರ ಕೂತ.

ಕ್ವೆಂಟಿನ್ ನಲವತ್ತು ನಿಮಿಷ ಮಾತಾಡಿದ. ಕೊನೆಯ ಚಿತ್ರದಲ್ಲಿ ತಾಕುಗಳ ಸುತ್ತ ಚಿನ್ನದ ಬಣ್ಣದ ಉಂಗುರಗಳು, ದೇವರ ಪಟದಲ್ಲಿ ತಲೆಯ ಹಿಂದೆ ಇರುತ್ತವಲ್ಲ, ಹಾಗೆ. ಪ್ರಶ್ನೆಗಳಿದ್ದರೆ ಕೇಳಬಹುದು ಅಂದ. ಪಕ್ಕದ ಗಾವಲಿನ ವಾಟೀ ಗಿಲ್‌ರಾಯ್ ಬಾಯಲ್ಲಿದ್ದ ಚೀಸ್ ರೋಲು ನುಂಗಿ ಎದ್ದುನಿಂತ. ವಾಟೀಯ ಜಿಪುಣತನ ಮೂರು ಊರಿಗೆ ಗೊತ್ತಿತ್ತು.

"ಅಂದ್ರೆ ಲಾಕೀ ಅವನ ಗಾವಲಿಗೆ ಈ ಕಾಳು ಹಾಕಿದ್ರೆ, ಅದು ದಾಟ್ಕೊಂಡು ನನ್ನ ಗಾವಲಿಗೂ ಬರುತ್ತೆ ಅನ್ನಿ."

"ಬರುತ್ತೆ! ಅದೇ ಇದರ ಸೊಗಸು" ಅಂದ ಕ್ವೆಂಟಿನ್.

"ಹಾಗಿದ್ರೆ ನಾನ್ಯಾಕೆ ಕೊಂಡ್ಕೊಳ್ಳಲಿ?"

ಕೊಟ್ಟಿಗೆಯಲ್ಲಿ ಗುಸುಗುಸು ಎದ್ದಿತು. ಎಂಬತ್ತು ಮಂದಿಯೂ ತಮ್ಮ ತಮ್ಮ ನೆರೆಯವನ ಕಡೆ ತಿರುಗಿ ನೋಡಿದರು. ಪ್ರತಿಯೊಬ್ಬನ ಮುಖದಲ್ಲೂ ಅಕ್ಕಪಕ್ಕದವನು ಈ ಒಳ್ಳೆಯ ಔಷಧಿಯನ್ನು ಖಂಡಿತ ಕೊಳ್ಳಬೇಕೆಂಬ ಹಂಬಲ. ಬಾಗಿಲ ಬಳಿಯ ಪ್ರತಿನಿಧಿಯ ನಗು ಹಾಗೇ ಇತ್ತು, ಆದರೆ ಕಣ್ಣು ಅದರ ಜೊತೆ ಸೇರಲಿಲ್ಲ.

ಆಗ ಇಸೊಬೆಲ್ ರ‍್ಯಾಂಕಿನ್ ಎದ್ದಳು. ರೈತರ ವಂತಿಗೆಯಿಂದ ಕೇಂದ್ರಕ್ಕೆ ನೆರವು ಕೊಡುವ ಸಮಿತಿಗೆ ಅವಳೇ ಅಧ್ಯಕ್ಷೆ. ಎಪ್ಪತ್ತು ವರ್ಷದ ಕಡ್ಡಿಯಂಥ ಹೆಂಗಸು. "ಉಂಗುರ ಗಿಂಗುರ ಇರಲಿ. ಅಗೆದೋಳು ಅಲ್ಲಿ ಮೂಟೆ ಮೇಲೆ ಕೂತಿದಾಳೆ. ಐಲ್ಸಾ, ನೀನೇನ್ ಕಂಡೆ ಹೇಳಮ್ಮ."

ಮೂವತ್ತೇಳು ವರ್ಷದಲ್ಲಿ ಸಭೆಯಲ್ಲಿ ಐಲ್ಸಾಳನ್ನು ಯಾರೂ ಏನೂ ಕೇಳಿರಲಿಲ್ಲ. ಎದ್ದು ನಿಂತಳು. ಕಚೇರಿಯಿಂದ ಮರಳಿ ಬಂದಿದ್ದ ಪುಸ್ತಕವನ್ನು ಚೀಲದಿಂದ ತೆಗೆದು ಪುಟ ಹುಡುಕಿದಳು. ಕ್ವೆಂಟಿನ್ ಅವಳನ್ನೇ ನೋಡುತ್ತಿದ್ದ. ಆ ಕಡೆಯ ಗೋಡೆಗೆ ಒರಗಿ ಕೂತ ಲಾಕೀ ತನ್ನ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಷರಾ ಅಂಕಣದ ಮೇಲೆ ಬೆರಳಿಟ್ಟ ಐಲ್ಸಾ ಮತ್ತೆ ಬೆರಳು ಎತ್ತಿದಳು. ಎಂಬತ್ತು ಮಂದಿ ನೆರೆಹೊರೆಯವರ ಮುಂದೆ ಅವನ ಹೆಸರನ್ನು ಓದಿ ಹೇಳುವುದು, ಪುಸ್ತಕದಲ್ಲಿ ಬರೆದಷ್ಟು ಸುಲಭವಾಗಿರಲಿಲ್ಲ.

"ಬಿಡಮ್ಮ, ನೀನ್ ಹೇಳ್ಬೇಡ" ಎಂದು ಲಾಕೀ ಎದ್ದುನಿಂತ. ಕಿವಿ ಕೆಂಪಗಾಗಿತ್ತು. "ಅದು ಯಾವ ಬೂಸ್ಟೂ ಅಲ್ಲ, ಉಂಗುರಾನೂ ಅಲ್ಲ. ನನ್ನ ಕುರಿ. ಬೇಡ ಅಂದಿದ್ದ ತಾಕಿಗೆ ನಾನೇ ಬಿಟ್ಟು ತುಳಿಸ್ದೆ. ಹುಲ್ಲು ಸಾಯೋದು ನೋಡೋಕಾಗ್ಲಿಲ್ಲ. ಅಷ್ಟೆ."

ಮೊದಲು ನಕ್ಕವಳು ಇಸೊಬೆಲ್. ಅವಳ ಹಿಂದೆ ಇಡೀ ಕೊಟ್ಟಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಾಕೀಯ ಮಾನ ಹೋಗುವ ಬದಲು, ಅವನ ಸುತ್ತ ಜನ ಮುತ್ತಿಕೊಂಡರು.

"ಎಷ್ಟು ಕುರಿ ಬಿಟ್ಟೆ? ಎಷ್ಟು ಹೊತ್ತು?" ಎಂದು ವಾಟೀ ಮೊದಲು ನುಗ್ಗಿದ.

"ಇನ್ನೂರು. ಬೆಳಿಗ್ಗೆಯಿಂದ ಸಂಜೆ ತನಕ. ನೆಲ ಒದ್ದೆ ಇರಬೇಕು, ತೀರಾ ಕೆಸರಾಗಿರಬಾರದು."

"ನಮ್ಮ ತಾತಾನೂ ಹಿಂಗೇ ಮಾಡ್ತಿದ್ದ ಕಣೋ! ಯಾಕ್ ಬಿಟ್ವಿ ನಾವು?"

"ಔಷಧಿ ಬಂತಲ್ಲ ಮಾರಾಯ, ಅದಕ್ಕೆ."

ಚೀಸ್ ರೋಲಿನ ಕಾಗದದ ಮೇಲೆಯೇ ಎಲ್ಲರೂ ಬರೆದುಕೊಂಡರು. ಕ್ವೆಂಟಿನ್ ಪರದೆಯ ಮುಂದೆ ನಿಂತು, ಕುರಿ ಮತ್ತು ಬೂಸ್ಟಿನ ಪರಸ್ಪರ ಸಂಬಂಧ ಮುಂದಿನ ಐದು ವರ್ಷದ ಅಧ್ಯಯನಕ್ಕೆ ಯೋಗ್ಯ ಎಂದು ಹೇಳುತ್ತಿದ್ದ. ಕೇಳುವವರಿರಲಿಲ್ಲ. ಚಿನ್ನದ ಉಂಗುರಗಳು ಅವನ ಹಣೆಯ ಮೇಲೆ ಬೀಳುತ್ತಿದ್ದವು. ಪ್ರತಿನಿಧಿ ಚೀಲಗಳನ್ನು ಮತ್ತೆ ಗಾಡಿಗೆ ತುಂಬಿದ.

ಐಲ್ಸಾ ಹೊರಗೆ ಬಂದು ತೊಟ್ಟಿಯ ನಲ್ಲಿಯಲ್ಲಿ ಮುಖ ತೊಳೆದಳು. ಹಿಂದೆಯೇ ಬಂದ ಲಾಕೀ ಪಕ್ಕದಲ್ಲಿ ನಿಂತ.

"ಓದಬೇಕು ಅಂತಾನೇ ಎದ್ದಿದ್ದೆ" ಅಂದಳು ಐಲ್ಸಾ. "ಆಗಲಿಲ್ಲ."

"ಗೊತ್ತಾಯ್ತು. ಅದಕ್ಕೇ ಎದ್ದೆ." ಟೋಪಿ ತಲೆಗೇರಿಸಿಕೊಂಡು, "ಚಹಾ ಕುಡೀತೀಯಾ?" ಅಂದ.

ಕೆಲವೇ ವಾರದಲ್ಲಿ ಲಾಕೀಗೆ ಕೇಂದ್ರದಿಂದ, ನಂಬಿಕೆದ್ರೋಹ ಎಂಬ ಪದವಿದ್ದ ಎರಡು ಪುಟದ ಪತ್ರ ಬಂತು. ಅವನು ಅದಕ್ಕೆ ಚೌಕಟ್ಟು ಹಾಕಿಸಿ ಪಾಯಿಖಾನೆಯಲ್ಲಿ ತೂಗುಹಾಕಿದ. ಮುಂದಿನ ಏಪ್ರಿಲಿನಲ್ಲಿ ಆ ಸೀಮೆಯ ಗಾವಲುಗಳಲ್ಲೆಲ್ಲ ಕುರಿಗಳು ಒತ್ತಾಗಿ ತುಳಿಯುತ್ತಿದ್ದವು. ಹಳದಿ ಮಚ್ಚೆ ಎಷ್ಟೋ ಕಡಿಮೆಯಾಯಿತು. ಕೇಂದ್ರದ ವಾರ್ಷಿಕ ವರದಿಯಲ್ಲಿ "ಹೊಸ ತಂತ್ರಜ್ಞಾನ ಅಳವಡಿಸಿಕೊಳ್ಳುವಲ್ಲಿ ರೈತರ ನಿರಾಸಕ್ತಿ" ಎಂಬ ಅಧ್ಯಾಯ ಸೇರಿತು. ಕ್ವೆಂಟಿನ್ ಬಡ್ತಿ ಪಡೆದು, ಉತ್ತರದ ಮುಖ್ಯ ಕಚೇರಿಯಲ್ಲಿ ಅಂಕಿ ಅಂಶಗಳ ಪ್ರಾಮಾಣಿಕತೆಯನ್ನು ಕಾಯುವ ವಿಭಾಗಕ್ಕೆ ಮುಖ್ಯಸ್ಥನಾದ.

ಐಲ್ಸಾಳನ್ನೂ ಕರೆಸಿದರು. ಸಿಬ್ಬಂದಿ ವಿಭಾಗದವಳೊಬ್ಬಳು ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿಟ್ಟು, "ನಿಮ್ಮನ್ನ ತೆಗೀತಿಲ್ಲ ಐಲ್ಸಾ, ನಿಮ್ಮ ಹುದ್ದೆ ತೆಗೀತಿದೀವಿ" ಅಂದಳು.

"ಹುದ್ದೆ ಹೋದ್ಮೇಲೆ ನಾನ್ ಎಲ್ಲಿ ಕೂತ್ಕೋಬೇಕು?"

ಅವಳು ತನ್ನ ಕಾಗದ ನೋಡಿಕೊಂಡಳು. ಇನ್ನುಮುಂದೆ ಹುಳುಗಳನ್ನು ಉಪಗ್ರಹದಿಂದ ಅಂದಾಜು ಮಾಡುತ್ತೇವೆಂದು ಮಾತ್ರ ಹೇಳಿದಳು. ಬೀಳ್ಕೊಡುಗೆಗೆ ಆರನೆಯ ಹೆಸರಿನ ಲಾಂಛನವಿದ್ದ ಲೋಟ ಕೊಟ್ಟರು. ನೆಲಮಾಳಿಗೆಯಲ್ಲಿದ್ದ ಮೂವತ್ತೆಂಟು ವರ್ಷದ ಪುಸ್ತಕಗಳನ್ನು ಕಸಕ್ಕೆ ಹಾಕುವವರಿದ್ದರು. ಐಲ್ಸಾ ಯಾರನ್ನೂ ಕೇಳದೆ ಅವನ್ನು ಗಾಡಿಗೆ ತುಂಬಿಕೊಂಡಳು. ಒಂಬತ್ತು ಪೆಟ್ಟಿಗೆ. ಮನೆಗೆ ಹೋಗಿ ಸಾಲಾಗಿ ಜೋಡಿಸಿದ ಮೇಲೆ, ಆ ಸಂಜೆ ಮಾತ್ರ, ಅತ್ತಳು.

ಮಾರನೆಯ ಸೋಮವಾರ ಇಸೊಬೆಲ್ ಫೋನು ಮಾಡಿದಳು. "ಉಪಗ್ರಹದೋರು ನನ್ನ ಗಾವಲಲ್ಲಿ ಹುಳ ಇಲ್ಲ ಅಂತಿದಾರೆ. ಸೀಗಲ್ ಹಕ್ಕಿಗಳು ಇವೆ ಅಂತಿವೆ. ಯಾರನ್ನ ನಂಬಲಿ?"

"ಸೀಗಲ್‌ಗಳನ್ನ" ಅಂದಳು ಐಲ್ಸಾ. "ಬರ್ತೀನಿ ಇರು."

ಹಾಗೆ ಒಬ್ಬರಾದ ಮೇಲೆ ಒಬ್ಬರು ಕರೆದರು. ವಾಟೀ ಕೂಡ ಕರೆದ, ಅವಳು ಹೊರಡುವಾಗ ಒಂದು ಮೂಟೆ ಕೆಂಪು ಆಲೂಗೆಡ್ಡೆಯನ್ನು ಗಾಡಿಗೆ ಎತ್ತಿಹಾಕಿದ, ಅದು ಊರಿನವರಿಗೆ ದೊಡ್ಡ ಸುದ್ದಿಯಾಯಿತು. ಎರಡು ವರ್ಷದ ನಂತರ, ಕುರಿ ತುಳಿತದ ಬಗ್ಗೆ ಒಂಬತ್ತು ವಿಜ್ಞಾನಿಗಳು ಸೇರಿ ಬರೆದ ಪ್ರಬಂಧವೊಂದು ಹೊರಬಂತು. ಕುರಿ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ, "ಚತುಷ್ಪಾದ ಮೂಲದ ಲಂಬ ಒತ್ತಡ" ಎಂದಿತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಅಗೆತದ ನೆರವಿಗಾಗಿ ಎಲ್ಸೀ ಟುಲಾಕ್ ಎಂಬುವರಿಗೆ ಕೃತಜ್ಞತೆ ಸಲ್ಲಿಸಿದ್ದರು. ಇಸೊಬೆಲ್ ಸಿಟ್ಟಿನಿಂದ ಪತ್ರ ಬರೆಯಹೊರಟಳು. ಐಲ್ಸಾ ತಡೆದಳು. "ಆ ಎಲ್ಸೀ ಯಾರೋ ಪಾಪ, ಅವಳಿಗೂ ಒಂದು ಖುಷಿ ಇರಲಿ" ಅಂದಳು. ಆದರೆ ಆ ಪುಟವನ್ನು ಕತ್ತರಿಸಿ ಡ್ರಾಯರಿನಲ್ಲಿ ಇಟ್ಟುಕೊಂಡಳು.

ನವೆಂಬರಿನ ಕೊನೆಯ ಒಂದು ಬೆಚ್ಚಗಿನ ಮುಸ್ಸಂಜೆ. ಗೊಣ್ಣೆಹುಳುಗಳೆಲ್ಲ ಕಂದು ಬಣ್ಣದ ದುಂಬಿಗಳಾಗಿ ನೆಲ ಬಿಟ್ಟು ಏಳುವ ಕಾಲ. ಐಲ್ಸಾ ಮತ್ತು ಲಾಕೀ ಅವನ ಮನೆಯ ಜಗಲಿಯಲ್ಲಿ ಕೂತಿದ್ದರು. ಗಾವಲಿನ ಮೇಲೆ ಗುಂಯ್ ಎಂಬ ಸದ್ದು ಎದ್ದಿತ್ತು. ದುಂಬಿಗಳು ಒಂದರ ಹಿಂದೆ ಒಂದು ಬಂದು ಅಡುಗೆಮನೆಯ ಕಿಟಕಿಯ ಗಾಜಿಗೆ ಟಪ್ ಟಪ್ ಎಂದು ಬಡಿದು ಬೀಳುತ್ತಿದ್ದವು.

"ಹೋದ ವರ್ಷಕ್ಕಿಂತ ಕಮ್ಮಿ ಅನ್ಸುತ್ತೆ ಅಲ್ವಾ?" ಅಂದ ಲಾಕೀ. "ನಂಗೇನೋ ಅರ್ಧಕ್ಕರ್ಧ..."

"ಸ್ವಲ್ಪ ಸುಮ್ನಿರಪ್ಪಾ" ಅಂದಳು ಐಲ್ಸಾ, ಕಿಟಕಿಯಿಂದ ಕಣ್ಣು ತೆಗೆಯದೆ. "ಎಣಿಸ್ತಿದೀನಿ."